ಲೋಳೆಸೀಮೆಯ ಗಂಟುಮಾರಿ

ದ್ಯಾವಮ್ಮ ಮಾತು ಮುಗಿಸಿ ಫೋನ್ ಬೂತಿನಿಂದ ಹೊರಗೆ ಹೋದಳೆಂದರೆ ರಶ್ಮಿ ಮಾಡುತ್ತಿದ್ದ ಮೊದಲ ಕೆಲಸ ಹತ್ತಿಯ ಉಂಡೆಗೆ ಡೆಟಾಲ್ ಸುರಿದುಕೊಂಡು ರಿಸೀವರ್ ಒರೆಸುವುದು. ಕಿವಿಗೆ ಹಿಡಿಯುವ ಕಡೆ, ಬಾಯಿಯ ಕಡೆ, ಸುರುಳಿಸುರುಳಿ ವೈರು, ಕೊನೆಗೆ ಗಾಜಿನ ಬಾಗಿಲಿನ ಹಿಡಿ. ಬೇರೆ ಯಾರು ಬಂದು ಮಾತಾಡಿ ಹೋದರೂ ಅವಳು ಹೀಗೆ ಒರೆಸುತ್ತಿರಲಿಲ್ಲ. ಎಲೆಯಡಿಕೆ ಜಗಿಯುತ್ತ ರಿಸೀವರಿನ ತೂತುಗಳಿಗೆಲ್ಲ ಕೆಂಪು ಹನಿ ಸಿಡಿಸುವ ಜೀಪಿನ ಡ್ರೈವರುಗಳು ಹೋದ ಮೇಲೂ ಇಲ್ಲ.

ದ್ಯಾವಮ್ಮನ ಮೈತುಂಬ ಗಂಟುಗಳಿದ್ದವು. ಹಣೆಯ ಮೇಲೆ, ರೆಪ್ಪೆಯ ಅಂಚಿನಲ್ಲಿ, ಕತ್ತಿನ ಸುತ್ತ, ತೋಳಿನ ಉದ್ದಕ್ಕೂ. ಕಡಲೆಕಾಳಿನಷ್ಟು ಸಣ್ಣವು, ಕಾಫಿ ಹಣ್ಣಿನಷ್ಟು ದಪ್ಪದವು, ಎಡ ಮೊಣಕೈಯ ಹತ್ತಿರ ನಿಂಬೆಹಣ್ಣಿನ ಗಾತ್ರದ್ದೊಂದು. ವಂಶದಿಂದ ಬಂದದ್ದು, ಅಂಟುವ ರೋಗವಲ್ಲ ಎಂದು ಡಾಕ್ಟರು ಹೇಳಿದ್ದು ರಶ್ಮಿಗೂ ಗೊತ್ತಿತ್ತು. ಗೊತ್ತಿದ್ದೂ ಒರೆಸುತ್ತಿದ್ದಳು. ಒರೆಸಿದ ಹತ್ತಿಯನ್ನು ಎರಡು ಬೆರಳಲ್ಲಿ ಹಿಡಿದು ಚರಂಡಿಗೆ ಎಸೆದು, ಬಂದು ಕೂತು, ಡ್ರಾಯರಿನಿಂದ ನೋಟ್‌ಬುಕ್ ತೆಗೆಯುತ್ತಿದ್ದಳು.

ಮೂಡಿಗೆರೆ ಬಸ್‌ಸ್ಟ್ಯಾಂಡಿನಿಂದ ನಾಲ್ಕು ಅಂಗಡಿ ಆಚೆ ಅವಳ ತಂದೆ ಜಯದೇವಪ್ಪನವರ ಗೋಣಿಚೀಲ, ಹಗ್ಗ, ಟಾರ್ಪಾಲಿನ ಅಂಗಡಿ. ಅದರ ಮಗ್ಗುಲಲ್ಲಿ ಮೊದಲು ಚೀಲ ಒಟ್ಟುತ್ತಿದ್ದ ಸಂದಿಗೆ ಗಾಜು ಹಾಕಿಸಿ, ಚಿಕ್ಕಮಗಳೂರಿನಲ್ಲಿ ಬಿ.ಎ. ಮುಗಿಸಿ ಬಂದ ಮಗಳಿಗೆ ಎಸ್‌ಟಿಡಿ ಬೂತು ಮಾಡಿಕೊಟ್ಟಿದ್ದರು. ಬೂತಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಎರಡು ಬೆರಳಿನಷ್ಟು ಸಂದು ಉಳಿಯುತ್ತಿತ್ತು. ಬಡಗಿಯನ್ನು ಕರೆಸಬೇಕು ಎಂದು ತಂದೆ ಹೇಳಿದಾಗಲೆಲ್ಲ ರಶ್ಮಿ "ಇರ್ಲಿ ಬಿಡಿ ಅಪ್ಪಾಜಿ, ಸೆಕೆ ಆಗ್ತದೆ" ಅನ್ನುತ್ತಿದ್ದಳು.

ಆ ನೋಟ್‌ಬುಕ್ಕಿನ ರಟ್ಟಿನ ಮೇಲೆ ಏನೂ ಬರೆದಿರಲಿಲ್ಲವಾದರೂ ಅವಳು ಮನಸ್ಸಿನಲ್ಲಿ ಅದನ್ನು ಹೇಸಿಗೆ ಪುಸ್ತಕ ಎಂದೇ ಕರೆಯುತ್ತಿದ್ದಳು. ದಿನದಲ್ಲಿ ಏನೇನು ಕಂಡು ಹೊಟ್ಟೆ ತೊಳಸಿತೋ ಅದೆಲ್ಲ ಅದರೊಳಗೆ. ಸುಗ್ಗಿಯ ಕಾಲದಲ್ಲಿ ಕಾಫಿ ಹಣ್ಣು ಸುಲಿಯುವ ಪಲ್ಪರ್ ತೊಟ್ಟಿಯಿಂದ ಹಳ್ಳಕ್ಕೆ ಬಿಡುವ ಕಂದು ನೀರು, ಅದರ ಮೇಲಿನ ನೊರೆ, ನೊರೆಯ ನಡುವೆ ಬೆಳ್ಳಗೆ ತೇಲುವ ಸತ್ತ ಮೀನಿನ ಹೊಟ್ಟೆ. ಬಂಡೆಯ ಮೇಲೆ ಹಣ್ಣು ತಿಂದ ಕಬ್ಬೆಕ್ಕು ಹಾಕಿಹೋದ ಹಿಕ್ಕೆಯಲ್ಲಿ ತೊಳೆದಿಟ್ಟಂತೆ ಹೊಳೆಯುವ ಕಾಫಿ ಬೀಜ. ಕಾಲಿನ ರಕ್ತ ಕುಡಿದು ದ್ರಾಕ್ಷಿಯಾಗಿ ಉದುರುವ ಇಂಬಳ. ಬಸ್ಸಿನ ಕಿಟಕಿಯ ಕಂಬಿಗೆ ಯಾರೋ ಒರೆಸಿ, ಒಣಗಿದ ಸಿಂಬಳ. ತಂಗಾಳಿ, ಬೆಟ್ಟದ ಮಂಜು, ಕಾಫಿ ಹೂವಿನ ಪರಿಮಳ ಇವು ಬೇರೆಯವರ ಪಾಲಿಗಿರಲಿ. ಅವನ್ನು ನೋಡಿ ಅವಳಿಗೆ ಒಂದು ಸಾಲೂ ಹುಟ್ಟಿದ್ದಿಲ್ಲ. ಹೇಸಿದ ಕ್ಷಣದಲ್ಲೇ ಅವಳ ತಲೆ ಚುರುಕಾಗುತ್ತಿತ್ತು.

ಹಾಗೆ ಹುಟ್ಟಿದ್ದು ಅವಳ ಕಥೆಗಳ ಲೋಳೆಸೀಮೆ. ಅಲ್ಲಿ ಹೊಳೆಗಳಲ್ಲಿ ನೀರಿನ ಬದಲು ಲೋಳೆ ಹರಿಯುತ್ತದೆ. ರಾಜನ ಕಿರೀಟಕ್ಕೆ ಮೃಗಗಳ ಹಿಕ್ಕೆಯಿಂದ ಆರಿಸಿದ ಬೀಜಗಳೇ ರತ್ನ. ಸೈನಿಕರೆಲ್ಲ ಇಂಬಳಗಳು. ಆ ಸೀಮೆಗೆ ದಾರಿ ತಪ್ಪಿ ಬಂದ, ಕಡ್ಡಿಯಂತಿರುವ ಹದಿಮೂರರ ಹುಡುಗಿಯ ಹೆಸರು ಸೂಜಿ. ರಶ್ಮಿ ದಿನಾ ಬೆಳಿಗ್ಗೆ ಐದೂವರೆಗೆ ಎದ್ದು, ಅಡುಗೆಮನೆಯ ಕಿಟಕಿಯ ಬಳಿ ಕೂತು, ಬೂತು ತೆರೆಯುವ ಹೊತ್ತಿನವರೆಗೂ ಬರೆಯುತ್ತಿದ್ದಳು. ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಬರುವ ತಾಯಿ ಸರೋಜಮ್ಮ ಒಂದೆರಡು ಸಾಲು ಇಣುಕಿ ನೋಡಿ ಮುಖ ಸಿಂಡರಿಸುತ್ತಿದ್ದರು.

"ಬೆಳಗಾಗೆದ್ದು ದೇವರ ಹೆಸರು ಹೇಳೋ ಹೊತ್ತಲ್ಲಿ ಅದೆಂಥ ಹೊಲಸು ಬರೀತೀಯೇ?"

"ಮಕ್ಕಳಿಗೆ ಇದೇ ಇಷ್ಟ ಅಮ್ಮ."

"ಯಾರ ಮಕ್ಕಳಿಗೆ?"

ಒಮ್ಮೆ ಅವಳನ್ನು ನೋಡಲು ಬಂದ ಗಂಡಿನ ಕಡೆಯವರಿಗೆ ಸರೋಜಮ್ಮ ತಡವರಿಸುತ್ತ ಹುಡುಗಿ ರೈಟರ್ ಎಂದು ಹೇಳಿದಾಗ, ಹುಡುಗನ ಸೋದರಮಾವ ಕಣ್ಣರಳಿಸಿ, "ಹೌದಾ? ಯಾವ ಎಸ್ಟೇಟಲ್ಲಿ?" ಎಂದು ಕೇಳಿದ್ದರು. ಎಸ್ಟೇಟಿನ ಲೆಕ್ಕ ಬರೆಯುವ ಗುಮಾಸ್ತರನ್ನೇ ರೈಟರ್ ಎನ್ನುವ ಊರು ಅದು. ಆ ಸಂಬಂಧ ಕೂಡಲಿಲ್ಲ. ರಶ್ಮಿಗೆ ಬೇಸರವೂ ಆಗಲಿಲ್ಲ.

ಬೆಂಗಳೂರಿನಿಂದ ಬರುತ್ತಿದ್ದ 'ಎಳೆಬಿಸಿಲು' ಎಂಬ ಮಾಸಪತ್ರಿಕೆ ಹೈಸ್ಕೂಲಿನ ಮಕ್ಕಳದ್ದು. ಅದರ ಸಂಪಾದಕ ರೇಣುಕಪ್ರಸಾದ್ ಮೊದಲ ಎರಡು ಕಥೆಗಳನ್ನು "ನೀತಿ ಎಲ್ಲಿದೆ?" ಎಂದು ಬರೆದು ವಾಪಸು ಕಳಿಸಿದ್ದರು. ಮೂರನೆಯದಕ್ಕೆ ಫೋನೇ ಬಂತು. ಎರಡು ಸಾವಿರದ ಇಸವಿಯ ಜನವರಿಯಿಂದ 'ಲೋಳೆಸೀಮೆ' ಧಾರಾವಾಹಿಯಾಗಿ ಬರತೊಡಗಿತು. ಮೊದಮೊದಲು ತಿಂಗಳಿಗೆ ಹತ್ತು ಹನ್ನೆರಡು ಪತ್ರ. ಸೆಪ್ಟೆಂಬರಿನ ಕಂತು ಬಂದ ಮೇಲೆ ರೇಣುಕಪ್ರಸಾದ್ ಒಂದು ಚೀಲದ ತುಂಬ ಪತ್ರ ತುಂಬಿಸಿ ಕಳಿಸಿದರು. ಆ ಕಂತಿನಲ್ಲಿ ಗಂಟುಮಾರಿ ಬಂದಿದ್ದಳು.

ಗಂಟುಮಾರಿ ಲೋಳೆಸೀಮೆಯ ಮಾಟಗಾತಿ. ಅವಳು ಮಕ್ಕಳ ದನಿಯನ್ನು ನುಂಗುತ್ತಾಳೆ. ನುಂಗಿದ ಒಂದೊಂದು ದನಿಯೂ ಅವಳ ಮೈಮೇಲೆ ಒಂದೊಂದು ಗಂಟಾಗುತ್ತದೆ. ಸಂಜೆಯಾದರೆ ಅವಳು ಗಂಟುಗಳನ್ನು ಸವರುತ್ತ, "ಮಲಗು ಮರಿ ಮಲಗು, ದೊಡ್ಡದಾಗಬೇಡ" ಎಂದು ಹಾಡುತ್ತಾಳೆ. ಸೂಜಿ ನಿಂಬೆಯ ಮುಳ್ಳಿನಿಂದ ಗಂಟನ್ನು ಚುಚ್ಚಿದರೆ ಒಳಗಿನ ದನಿ ಹೊರಗೆ ಬರುತ್ತದೆ, ಎಲ್ಲೋ ಒಂದು ಮೂಕ ಮಗು ಮಾತಾಡುತ್ತದೆ. ಎಲ್ಲಕ್ಕಿಂತ ದೊಡ್ಡ ಗಂಟು ಎಡ ಮೊಣಕೈಯ ಹತ್ತಿರ, ನಿಂಬೆಹಣ್ಣಿನಷ್ಟು. ಅದರಲ್ಲಿರುವುದು ರಾಜಕುಮಾರಿಯ ದನಿ.

ಇದೆಲ್ಲ ಎಲ್ಲಿಂದ ಬಂತೆಂದು ರಶ್ಮಿಗೆ ಚೆನ್ನಾಗಿ ಗೊತ್ತಿತ್ತು. ದ್ಯಾವಮ್ಮ ಕಳಸದ ರಸ್ತೆಯ ಒಂದು ಎಸ್ಟೇಟಿನ ಕೂಲಿಯಾಳುಗಳ ಲೈನು ಮನೆಯವಳು. ಅವಳ ಒಬ್ಬಳೇ ಮಗಳು ಚಂದ್ರಾವತಿ ಮಂಗಳೂರಿನ ಒಂದು ಮನೆಯಲ್ಲಿ ಕೆಲಸಕ್ಕಿದ್ದಳು. ಸಂತೆಯ ದಿನ ಬಂದು, ಚೀಟಿ ಕೊಟ್ಟು, ರಶ್ಮಿಯ ಕೈಲಿ ನಂಬರು ಒತ್ತಿಸಿಕೊಂಡು ದ್ಯಾವಮ್ಮ ಮಗಳ ಹತ್ತಿರ ಮಾತಾಡುತ್ತಿದ್ದಳು. ಆ ಆಷಾಢದಲ್ಲಿ ಒಂದು ಸಂತೆ, ಬಾಗಿಲಿನ ಸಂದಿನಿಂದ ಅವಳ ಮಾತು ಕೇಳಿಸಿತ್ತು.

"ಎಲ್ಲಿ ಎದ್ದದೆ? ಮಣಿಕಟ್ಟಿನ ಹತ್ರನಾ? ಅಳಬೇಡ ಚಂದ್ರಿ. ತೋಳುದ್ದದ ರವಿಕೆ ಹಾಕ್ಕ, ಯಾರಿಗೂ ತೋರ್ಸಬೇಡ. ದಿನಾ ಅದ್ರ ಜತೆ ಮಾತಾಡು. ಮಲಗು ಮರಿ ಮಲಗು, ದೊಡ್ಡದಾಗಬೇಡ ಅನ್ನು. ನಾನೂ ನಿನ್ ವಯಸ್ಸಲ್ಲಿ ಹಂಗೇ ಅಂತಿದ್ದೆ."

ಅವತ್ತು ಡೆಟಾಲಿನಲ್ಲಿ ಒರೆಸುವುದನ್ನೂ ಮರೆತು ರಶ್ಮಿ ನೋಟ್‌ಬುಕ್ಕಿಗೆ ಕೈ ಹಾಕಿದ್ದಳು. ಮೈಯೆಲ್ಲ ಜುಮ್ಮೆಂದಿತ್ತು. ತಾಯಿಯೊಬ್ಬಳ ಸಂಕಟ ಕೇಳಿ ಜುಮ್ಮೆಂದದ್ದಲ್ಲ. ಒಳ್ಳೆಯ ಕಂತೊಂದು ಕೈಗೆ ಸಿಕ್ಕಿತಲ್ಲ ಎಂದು.

ಡಿಸೆಂಬರಿನ ಮೊದಲ ವಾರ, ಸ್ಕೂಲು ಬಿಟ್ಟ ಹೊತ್ತಿನಲ್ಲಿ, ನೀಲಿ ಲಂಗದ ಮೂವರು ಹುಡುಗಿಯರು ಬೂತಿನ ಮುಂದೆ ಬಂದು ಒಬ್ಬರನ್ನೊಬ್ಬರು ತಳ್ಳಿಕೊಳ್ಳುತ್ತ ನಿಂತರು. ಮುಂದೆ ಬಂದವಳು ಎರಡು ಜಡೆಯ, ದುಂಡು ಮುಖದ ಹುಡುಗಿ.

"ರಶ್ಮಿ ಅಕ್ಕ ಅಂದ್ರೆ ನೀವೇನಾ? ನಾನು ಕವನಾ. ಐದು ಪತ್ರ ಬರ್ದಿದೀನಿ ನಿಮ್ಗೆ!"

ರಶ್ಮಿಗೆ ಆ ಪತ್ರಗಳು ನೆನಪಿದ್ದವು. ಮಾರ್ಜಿನಿನಲ್ಲೆಲ್ಲ ಇಂಬಳದ ಚಿತ್ರ ಬರೆದ, ಹಸಿರು ಶಾಯಿಯ ಪತ್ರಗಳು. ತನ್ನ ಓದುಗರನ್ನು ಅವಳು ಕಣ್ಣಾರೆ ನೋಡಿದ್ದು ಅದೇ ಮೊದಲು. ಸಂಭ್ರಮದಿಂದ ಮೂವರನ್ನೂ ಒಳಗೆ ಕರೆದು ಕೂರಿಸಿ, ಎದುರಿನ ಬೇಕರಿಯಿಂದ ಜೂಸು ತರಿಸಿದಳು. ಸೂಜಿಗೆ ಮನೆಗೆ ದಾರಿ ಸಿಗುತ್ತದಾ, ರಾಜನಿಗೆ ಏನಾಗುತ್ತದೆ ಎಂದು ಅವರು ಒಂದೇ ಸಮನೆ ಕೇಳಿದರು. ಹತ್ತನೇ ಕ್ಲಾಸಿನ ಕವನಾ ಸ್ಟ್ರಾ ಕಚ್ಚುತ್ತ, ಗುಟ್ಟು ಹೇಳುವವಳಂತೆ ಮುಂದೆ ಬಾಗಿದಳು.

"ಅಕ್ಕ, ಗಂಟುಮಾರಿ ನಿಜವಾಗ್ಲೂ ಇದಾಳೆ ಗೊತ್ತಾ? ನಮ್ಮ ಕಳಸದ ಬಸ್ಸಲ್ಲೇ ಬರ್ತಾಳೆ. ಮೊಣಕೈ ಹತ್ರ ದೊಡ್ಡ ಗಂಟು, ನೀವು ಬರ್ದಿರೋ ಹಾಗೇ!"

"ಹೌದಾ?" ಎಂದಳು ರಶ್ಮಿ.

"ಮೊನ್ನೆ ನಾವು ಟೆಸ್ಟ್ ಮಾಡಿದ್ವಿ. ಬಸ್ಸು ಫುಲ್ ರಶ್ಶಿತ್ತು. ನಾನು ಜಾಮಿಟ್ರಿ ಬಾಕ್ಸಿಂದ ಕೈವಾರ ತೆಗ್ದು ಆ ದೊಡ್ಡ ಗಂಟಿಗೆ ಚುಚ್ಚಿಬಿಟ್ಟೆ. ದನಿ ಬರ್ಲೇ ಇಲ್ಲ ಅಕ್ಕ. ಬರೀ ರಕ್ತ. ಕಪ್ಪಗಿತ್ತು. ಅವಳು ಕಿರುಚ್ಲೂ ಇಲ್ಲ, ಸೆರಗು ಒತ್ಕೊಂಡು ಸುಮ್ನೆ ಕೂತ್ಲು."

ಉಳಿದಿಬ್ಬರು ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕನೆ ನಕ್ಕರು. ಒಬ್ಬಳು, "ಥೂ, ನಂಗೆ ವಾಂತಿ ಬರೋ ಹಾಗಾಗಿತ್ತು" ಎಂದಳು, ಖುಷಿಯಿಂದಲೇ.

ರಶ್ಮಿಯ ಕೈ ಡ್ರಾಯರು ಎಳೆಯಿತು. ನೋಟ್‌ಬುಕ್ ತೆರೆಯಿತು. *ದನಿ ಬರಲಿಲ್ಲ. ಬರೀ ರಕ್ತ. ಕಪ್ಪಗೆ. ಕಿರುಚಲಿಲ್ಲ* ಎಂದು ಬರೆಯಿತು. ಹುಡುಗಿಯರ ಕಣ್ಣು ಅಗಲವಾದವು.

"ಇದನ್ನೂ ಹಾಕ್ತೀರಾ ಅಕ್ಕ? ನಮ್ಮ ಹೆಸ್ರು ಹಾಕ್ತೀರಾ?"

ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿಸಿ ಮೂವರೂ ಬ್ಯಾಗು ಹೊತ್ತುಕೊಂಡು ಓಡಿದರು. ಮೇಜಿನ ಮೇಲೆ ಕಚ್ಚಿ ಚಪ್ಪಟೆಯಾದ ಮೂರು ಸ್ಟ್ರಾ ಉಳಿದವು. ರಶ್ಮಿ ತಾನು ಬರೆದ ಸಾಲನ್ನು ನೋಡಿದಳು. ಅಕ್ಷರ ದುಂಡಗಿದ್ದವು, ಒಂದೂ ಸೊಟ್ಟಗಿರಲಿಲ್ಲ. ಅಂಗಡಿಯ ಹಿಂದಿನ ಚರಂಡಿಯ ಬಳಿ ಓಡಿ, ಗೋಡೆ ಹಿಡಿದು ಬಗ್ಗಿ, ಮಧ್ಯಾಹ್ನ ಉಂಡದ್ದನ್ನೆಲ್ಲ ಕಕ್ಕಿದಳು. ಇಷ್ಟು ವರ್ಷ ಹೇಸಿಗೆಯನ್ನು ಬರೆದವಳಿಗೆ ವಾಂತಿಯಾದದ್ದು ಅದೇ ಮೊದಲು.

ಆ ವಾರದ ಸಂತೆಗೆ ದ್ಯಾವಮ್ಮ ಬರಲಿಲ್ಲ. ಮುಂದಿನ ವಾರವೂ ಇಲ್ಲ. ಹಗ್ಗ ಕೊಳ್ಳಲು ಬಂದ ಅದೇ ಲೈನಿನ ಹೆಂಗಸೊಬ್ಬಳನ್ನು ರಶ್ಮಿ ಕೇಳಿದಳು.

"ಅವ್ಳಾ? ಜ್ವರ ಬಂದು ಮಲಗಿದಾಳೆ. ಕೈ ಊದ್ಕಂಡು ಕೀವಾಗಿದೆ. ಬಸ್ಸಿಗೆ ಹತ್ತು ಅಂದ್ರೆ ಹತ್ತಲ್ಲ."

ರಶ್ಮಿ ತಂದೆಗೆ ಬೂತು ನೋಡಿಕೊಳ್ಳಲು ಹೇಳಿ ಕಳಸದ ಬಸ್ಸು ಹತ್ತಿದಳು. ಕೊಟ್ಟಿಗೆಹಾರ ದಾಟಿ, ಎಸ್ಟೇಟಿನ ಗೇಟಿನ ಬಳಿ ಇಳಿದು, ಕಾಫಿ ಹಣ್ಣಿನ ಸಿಪ್ಪೆ ರಾಶಿ ಹಾಕಿ ಕೊಳೆಸುತ್ತಿದ್ದ ಜಾಗ ಹಾದು ಲೈನಿಗೆ ನಡೆದಳು. ಎಲ್ಲರೂ ಹಣ್ಣು ಕುಯ್ಯಲು ಹೋಗಿದ್ದರು. ದ್ಯಾವಮ್ಮನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕಾಲಿಟ್ಟೊಡನೆ ಕೀವಿನ ವಾಸನೆ ಮುಖಕ್ಕೆ ಬಡಿಯಿತು. ಸಿಪ್ಪೆಯ ನಾತ ಅದರ ಮುಂದೆ ಏನೂ ಅಲ್ಲ. ಮೊಣಕೈಗೆ ಸುತ್ತಿದ್ದ ಬಟ್ಟೆ ಹಳದಿಯಾಗಿ ಅಂಟಿಕೊಂಡಿತ್ತು. ಅದರ ಮೇಲೆ ನೊಣ.

"ರಶ್ಮಮ್ಮ, ನೀವ್ಯಾಕೆ ಬಂದ್ರಿ ಇಲ್ಲಿಗೆ?" ದ್ಯಾವಮ್ಮ ಏಳಲು ನೋಡಿದಳು. "ಕೂರಕ್ಕೆ ಮಣೆನೂ ಇಲ್ಲ."

ಕೂಲಿಯಾಳುಗಳ ಮೇಸ್ತ್ರಿಗೆ ಹೇಳಿ ಎಸ್ಟೇಟಿನ ಜೀಪು ತರಿಸಿ, ರಶ್ಮಿ ಅವಳನ್ನು ಮೂಡಿಗೆರೆಗೆ ಕರೆದುಕೊಂಡು ಬಂದಳು. ಜೀಪಿನಲ್ಲಿ ದ್ಯಾವಮ್ಮನ ಭುಜ ಅವಳ ಭುಜಕ್ಕೆ ಒರಗಿಕೊಂಡಿತ್ತು. ಕತ್ತಿನ ಗಂಟುಗಳು ರಶ್ಮಿಯ ತೋಳಿಗೆ ತಾಗುತ್ತಿದ್ದವು, ಮೆತ್ತಗೆ, ಬಿಸಿಯಾಗಿ. ಸರಿದು ಕೂರಬೇಕೆಂದು ಮೈ ಹೇಳುತ್ತಿತ್ತು. ಅವಳು ಹಲ್ಲು ಕಚ್ಚಿ ಹಾಗೇ ಕೂತಳು. ಡಾಕ್ಟರು ಕೀವು ತೆಗೆದು, ಇಂಜೆಕ್ಷನ್ ಕೊಟ್ಟು, "ಇನ್ನೆರಡು ದಿನ ಬಿಟ್ಟಿದ್ರೆ ಕೈಯೇ ಹೋಗ್ತಿತ್ತು" ಎಂದರು. ಏನು ಚುಚ್ಚಿತು ಎಂದು ಅವರು ಕೇಳಿದಾಗ ದ್ಯಾವಮ್ಮ ತಲೆ ತಗ್ಗಿಸಿದಳು.

"ಮಕ್ಕಳು ಸ್ವಾಮಿ. ಮೊದ್ಲು ಗಂಟಿ ಅಂತಿದ್ರು, ಸುಮ್ನೆ ಅಂದು ಹೋಗ್ತಿದ್ರು. ಈಗ ಎರಡು ಮೂರು ತಿಂಗಳಿಂದ ಗಂಟುಮಾರಿ ಅಂತಾರೆ. ಹತ್ರ ಬಂದು ಕಿವಿಗೊಟ್ಟು ಕೇಳ್ತಾರೆ. ಅದೇನು ಕೇಳ್ತಾರೋ, ಯಾರು ಇಟ್ಟ ಹೆಸ್ರೋ, ಗೊತ್ತಿಲ್ಲ."

ರಶ್ಮಿ ಔಷಧಿ ಚೀಟಿ ನೋಡುತ್ತ ನಿಂತಳು.

ಸಿಟ್ಟನ್ನು ಯಾರ ಮೇಲಾದರೂ ಹಾಕಬೇಕಿತ್ತು. ಮಾರನೆಯ ಭಾನುವಾರ ಅವಳು ವಿಳಾಸ ಹುಡುಕಿಕೊಂಡು ಕವನಾಳ ಮನೆಗೇ ಹೋದಳು. ಕಣದಲ್ಲಿ ಹಣ್ಣು ಸುಲಿದ ಪಾರ್ಚ್‌ಮೆಂಟ್ ಕಾಫಿ ಹರಡಿದ್ದ ದೊಡ್ಡ ಮನೆ. ಕವನಾಳ ಅಜ್ಜಿ ನಂಜಮ್ಮನವರು ಜಗಲಿಯಲ್ಲಿ ಕೂತು ಕಾಗೆ ಓಡಿಸುತ್ತಿದ್ದರು. ಅಂಗಡಿ ಜಯದೇವಪ್ಪನವರ ಮಗಳು ಎಂದು ತಿಳಿದು ಪ್ರೀತಿಯಿಂದಲೇ ಒಳಗೆ ಕರೆದು, ಕಾಫಿ ಕೊಟ್ಟರು. ಮೊಮ್ಮಗಳು ಕೂಗಿ ಕುಣಿಯುತ್ತ ಬಂದಳು. ರಶ್ಮಿ ನಡೆದದ್ದನ್ನು ಹೇಳಿದಳು. ಬಸ್ಸು, ಕೈವಾರ, ಕೀವು, ಡಾಕ್ಟರು ಹೇಳಿದ್ದು.

ನಂಜಮ್ಮನವರು ಮೂಗು ಮುರಿದರು. "ಆ ದ್ಯಾವಿನಾ? ಅಯ್ಯೋ, ನೋಡಿದ್ರೆ ಊಟ ಸೇರಲ್ಲ. ನಮ್ಮಲ್ಲಿ ಹಣ್ಣು ಕುಯ್ಯಕ್ಕೆ ಬಂದಾಗ್ಲೂ ಅವಳನ್ನ ಕಣದ ಹತ್ರ ಬಿಡ್ತಿರ್ಲಿಲ್ಲ ನಾವು. ಮಕ್ಕಳಿಗೆ ಏನು ತಿಳೀತದೆ ಹೇಳಿ? ಪಾಪ, ಇವಳೇ ಹೆದರ್ಕೊಂಡಿರ್ತಾಳೆ. ನೀವು ಕಾಫಿ ಕುಡೀರಿ, ಆರ್ತದೆ."

ಲೋಟದ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ರಶ್ಮಿ ಅದನ್ನು ಮುಟ್ಟದೆ ಕವನಾಳ ಕಡೆ ತಿರುಗಿದಳು.

"ನಿನಗೆ ಅವಳು ಮನುಷ್ಯಳು ಅಂತ ಅನ್ನಿಸ್ಲಿಲ್ವಾ?"

ಕವನಾಳ ಮುಖ ಕೆಂಪಾಯಿತು. ಕಣ್ಣಲ್ಲಿ ನೀರು ತುಂಬಿತು. ಆದರೆ ಅದು ಪಶ್ಚಾತ್ತಾಪದ ನೀರಲ್ಲ, ಮೋಸ ಹೋದವಳ ನೀರು.

"ನೀವೇ ಬರ್ದಿದ್ದಲ್ವಾ ಅಕ್ಕ? ಚುಚ್ಚಿದ್ರೆ ಒಳ್ಳೇದಾಗ್ತದೆ ಅಂತ ನೀವೇ ಬರ್ದಿದ್ರಿ. ನಾನು ಹೇಳ್ದಾಗ ನೀವು ಬಯ್ಲಿಲ್ಲ. ಬರ್ಕೊಂಡ್ರಿ! ಈಗ ಬಂದು ಅಜ್ಜಿ ಮುಂದೆ..."

ಮುಂದಿನ ಮಾತು ಅಳುವಿನಲ್ಲಿ ಹೋಯಿತು. ನಂಜಮ್ಮನವರು ಮೊಮ್ಮಗಳ ತಲೆ ಸವರುತ್ತ ರಶ್ಮಿಯನ್ನು ಅಸಮಾಧಾನದಿಂದ ನೋಡಿದರು. ಹದಿನೈದರ ಹುಡುಗಿಯ ಮೇಲೆ ಉಗುಳಲು ಬಂದವಳು ಆ ಉಗುಳನ್ನು ತಾನೇ ನುಂಗಿಕೊಂಡು ಎದ್ದಳು. ಗೇಟಿನವರೆಗೂ ಅವಳಿಗೆ ಅದನ್ನೆಲ್ಲ ಬರೆದ ತನ್ನ ಬಲಗೈ ಕಂಡರೆ ಆಗುತ್ತಿರಲಿಲ್ಲ. ತೋಟದ ಅಂಚಿನ ನಲ್ಲಿಯಲ್ಲಿ ಎರಡು ಸಲ ತೊಳೆದಳು. ಅದೂ ಬರೀ ನಾಟಕವೆನಿಸಿತು.

ಡ್ರೆಸಿಂಗ್ ಬದಲಾಯಿಸಲು ಮೂರನೆಯ ಸಲ ಬಂದ ದಿನ ದ್ಯಾವಮ್ಮ ಡಾಕ್ಟರ ಬಳಿಯಿಂದ ನೇರ ಬೂತಿಗೆ ಬಂದಳು. ಜ್ವರ ಬಿಟ್ಟಿತ್ತು. "ನಿಮ್ ಋಣ ಹೆಂಗೆ ತೀರಿಸ್ಲಿ ರಶ್ಮಮ್ಮ" ಎಂದು ಕೈ ಮುಗಿದಳು. ಆ ಮುಗಿದ ಕೈಯನ್ನು ನೋಡಲಾರದೆ ರಶ್ಮಿ ಬೂತಿನ ಹೊರಬಾಗಿಲು ಎಳೆದುಕೊಂಡು, ಅವಳನ್ನು ತನ್ನ ಕುರ್ಚಿಯಲ್ಲೇ ಕೂರಿಸಿದಳು.

"ದ್ಯಾವಮ್ಮ, ಆ ಹೆಸರು ಇಟ್ಟಿದ್ದು ನಾನು."

ದ್ಯಾವಮ್ಮನಿಗೆ ಅರ್ಥವಾಗಲಿಲ್ಲ. ರಶ್ಮಿ ಸೆಪ್ಟೆಂಬರಿನ 'ಎಳೆಬಿಸಿಲು' ತೆಗೆದು ಚಿತ್ರ ತೋರಿಸಿದಳು. ಚಿತ್ರಕಾರ ಒಂದು ಗಂಟನ್ನೂ ಬಿಟ್ಟಿರಲಿಲ್ಲ. ದ್ಯಾವಮ್ಮ ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಇದು ನಾನಾ?" ಎಂದಳು. ಚಿತ್ರದ ಬಾಯಿಯ ಮೇಲೆ ಬೆರಳಿಟ್ಟು, "ಹಲ್ಲು ಮಾತ್ರ ನಂದಲ್ಲ" ಎಂದಳು. "ಏನು ಬರ್ದೀರಿ? ಓದಿ."

ರಶ್ಮಿ ಓದಿದಳು. ಒಂದು ಪದವನ್ನೂ ಬಿಡಬಾರದೆಂದು ಹಟ ಹಿಡಿದು ಓದಿದಳು. ಅವಳೇ ಇಷ್ಟಪಟ್ಟು ಕಡೆದ ಸಾಲುಗಳು ಒಂದೊಂದೂ ಬಾಯಲ್ಲಿ ಹಳಸಿದ ಅನ್ನದಂತೆ ಹೊರಳಿದವು. ಗಂಟು, ಚರ್ಮ, ನಾತ, ಎಲ್ಲವನ್ನೂ ದ್ಯಾವಮ್ಮ ಮುಖ ಬದಲಿಸದೆ ಕೇಳಿದಳು. ಇಂಥದ್ದನ್ನು ಅವಳು ಮೊದಲ ಗಂಟು ಎದ್ದಂದಿನಿಂದ ಕೇಳಿದವಳು. ಗಂಟುಮಾರಿಯ ಹಾಡು ಬಂತು.

"'ಮಲಗು ಮರಿ ಮಲಗು, ದೊಡ್ಡದಾಗಬೇಡ...'"

"ನಿಲ್ಸು," ಎಂದಳು ದ್ಯಾವಮ್ಮ.

ರಶ್ಮಿ ನಿಲ್ಲಿಸಿದಳು.

"ಗಂಟು ಊರಿಗೆಲ್ಲ ಕಾಣ್ತದೆ. ಅದನ್ನ ಬರ್ಕಂಡೆ, ಬರ್ಕ. ಕಣ್ಣಿರೋರೆಲ್ಲ ನೋಡೋದೇ. ಇದು ನಾನು ಫೋನಲ್ಲಿ ನನ್ ಮಗಳಿಗೆ ಹೇಳಿದ್ದು." ಅವಳ ದನಿ ಏರಲಿಲ್ಲ. ಇಷ್ಟು ದಿನದ 'ನೀವು' ಯಾವಾಗ ಬಿದ್ದುಹೋಯಿತೋ ಅವಳಿಗೂ ತಿಳಿದಂತಿರಲಿಲ್ಲ. "ಬಾಗ್ಲ ಸಂದಿಯಲ್ಲಿ ಕೂತು ಕೇಳ್ತಿದ್ಯಾ? ಪ್ರತಿ ಸಂತೆನೂ?"

"ಹೂಂ."

"ಆ ಮನೇಲಿ ಎರಡು ಮಕ್ಕಳಿದಾವೆ. ಓದೋ ಮಕ್ಕಳು. ಚಂದ್ರಿ ಕೈ ಅವ್ರು ಇನ್ನೂ ನೋಡಿಲ್ಲ."

ಅಷ್ಟು ಹೇಳಿ ದ್ಯಾವಮ್ಮ ಎದ್ದಳು. ರಶ್ಮಿಯನ್ನು ಒಂದು ಸಲ ಅಡಿಯಿಂದ ಮುಡಿಯವರೆಗೂ ನೋಡಿದಳು. ಆ ನೋಟ ರಶ್ಮಿಗೆ ಹೊಸದಲ್ಲ. ಮೈಗೆ ಮೈ ತಾಗದಂತೆ ಸೆರಗು ಎಳೆದುಕೊಂಡು ಸರಿಯುವವರ ನೋಟ ಅದು. ಆದರೆ ಅದು ತನ್ನ ಕಡೆಗೆ ತಿರುಗಿದ್ದು ಅವಳ ಇಪ್ಪತ್ತಾರು ವರ್ಷದಲ್ಲಿ ಅದೇ ಮೊದಲು. ಮುಂದಿನ ಸಂತೆಯಿಂದ ದ್ಯಾವಮ್ಮ ರಸ್ತೆಯ ಆಚೆಬದಿಯ ಏಕಾಂತಪ್ಪನ ಬೂತಿಗೆ ಹೋಗತೊಡಗಿದಳು.

ರಶ್ಮಿ ಅಂದೇ ರೇಣುಕಪ್ರಸಾದರಿಗೆ ಫೋನ್ ಮಾಡಿದ್ದಳು. ಧಾರಾವಾಹಿ ಇಲ್ಲಿಗೇ ನಿಲ್ಲಲಿ, ಕೊನೆಯ ಕಂತು ನಾನು ಕೊಡುವುದಿಲ್ಲ ಎಂದಳು. ಕಾರಣವನ್ನೂ ಹೇಳಿದಳು.

"ಬಹಳ ಬೇಜಾರಿನ ಸಂಗತಿ ರಶ್ಮಿಯವರೇ," ಎಂದರು ಅವರು. "ಆದ್ರೆ ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ಮಕ್ಕಳು ಕೈವಾರ ತಗೊಂಡು ಹೊರಡ್ತಾರೆ ಅಂದ್ರೆ, ನಿಮ್ಮ ಬರವಣಿಗೆಗೆ ಎಷ್ಟು ಶಕ್ತಿ ಇದೆ ನೋಡಿ!"

ರಶ್ಮಿ ಫೋನಿಟ್ಟಳು. ಜನವರಿಯ ಸಂಚಿಕೆಯಲ್ಲಿ ಕೊನೆಯ ಕಂತು ಬಂದೇ ಬಂತು. ಯಾರೋ ಬರೆದಿದ್ದರು. ಸೂಜಿ ಊರ ಮಕ್ಕಳನ್ನೆಲ್ಲ ಸೇರಿಸಿ ಗಂಟುಮಾರಿಯನ್ನು ಲೋಳೆಯ ಕೊಪ್ಪರಿಗೆಗೆ ತಳ್ಳುತ್ತಾಳೆ. ಗಂಟುಗಳು ಪಟಪಟನೆ ಒಡೆಯುತ್ತವೆ. ಮಕ್ಕಳು ಚಪ್ಪಾಳೆ ತಟ್ಟಿ ಕುಣಿಯುತ್ತಾರೆ. ಕೆಳಗೆ ದಪ್ಪ ಅಕ್ಷರದಲ್ಲಿ ರಶ್ಮಿಯ ಹೆಸರು. ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯ ಮುಂದೆ ನಿಂತು ಓದಿದವಳಿಗೆ ಬರೆದವನ ಮೇಲೆ ಸಿಟ್ಟು ಬರಲಿಲ್ಲ. ಅವನು ಅವಳ ಶೈಲಿಯನ್ನು ಚೆನ್ನಾಗಿಯೇ ಕಲಿತಿದ್ದ.

ಆಗ ಮಂಗಳೂರಿನ ಮನೆಯ ಬಗ್ಗೆ ದ್ಯಾವಮ್ಮ ಹೇಳಿದ ಮಾತು ನೆನಪಾಯಿತು. ಓದುವ ಮಕ್ಕಳು. ತೋಳುದ್ದದ ರವಿಕೆ. ಅವಳು ಬೂತಿಗೆ ಓಡಿ ಬಂದು ನಂಬರು ಒತ್ತಿದಳು. ಆರು ತಿಂಗಳು ಪ್ರತಿ ವಾರ ಒತ್ತಿದ್ದರಿಂದ ಬೆರಳಿಗೇ ಗೊತ್ತಿತ್ತು. ಫೋನೆತ್ತಿದ್ದು ಚಂದ್ರಾವತಿಯೇ.

"ನಾನು ಮೂಡಿಗೆರೆ ಬೂತಿನ ರಶ್ಮಿ. ನಿನಗೊಂದು ಮಾತು ಹೇಳ್ಬೇಕಿತ್ತು. ಆ ಮನೆಗೆ 'ಎಳೆಬಿಸಿಲು' ಅಂತ ಒಂದು ಪುಸ್ತಕ..."

"ಬರ್ತದೆ," ಎಂದಳು ಚಂದ್ರಾವತಿ. "ಪ್ರತಿ ತಿಂಗಳೂ. ಮಕ್ಕಳಿಗೆ ಊಟ ಮಾಡಿಸ್ತಾ ನಾನೇ ಓದಿ ಹೇಳೋದು. ಇಂಗ್ಲಿಷ್ ಸ್ಕೂಲಿನವು, ಕನ್ನಡ ಸರಿಯಾಗಿ ಓದಕ್ಕೆ ಬರಲ್ಲ. ಏಳನೇ ಕ್ಲಾಸು ಓದಿದೀನಲ್ಲ."

ರಶ್ಮಿ ಸುರುಳಿ ವೈರನ್ನು ಬೆರಳಿಗೆ ಸುತ್ತಿಕೊಂಡಳು.

"ಬರೆದಿದ್ದು ಯಾರು ಅಂತ ನಂಗೆ ಅಮ್ಮ ಹೇಳೋ ಮೊದ್ಲೇ ಗೊತ್ತಿತ್ತು," ಎಂದಳು ಚಂದ್ರಾವತಿ. ಹುಡುಗಿಯ ದನಿ ತೆಳ್ಳಗಿತ್ತು, ತಣ್ಣಗಿತ್ತು. "ಆ ಹಾಡು ಬಂತಲ್ಲ, ಅಲ್ಲೇ ಗೊತ್ತಾಯ್ತು. ಮಕ್ಕಳಿಗೆ ತುತ್ತು ಕೊಡ್ತಿದ್ದೆ. ಎದ್ದು ಹೋಗಿ ಬಚ್ಚಲಲ್ಲಿ ಕಕ್ಕಿ ಬಂದೆ. ಕತೆ ಹೇಳು ಕತೆ ಹೇಳು ಅಂತ ಮಕ್ಕಳು ಕಾಯ್ತಿದ್ವು. ಬಂದು ಹೇಳ್ದೆ. ನೀವು ಬರ್ದಿದ್ದನ್ನಲ್ಲ, ಬೇರೆ. ಅವತ್ತಿಂದ ಪ್ರತಿ ತಿಂಗಳೂ ಪುಸ್ತಕ ಮುಂದೆ ಹಿಡ್ಕೊಂಡು ಬೇರೆನೇ ಹೇಳ್ತೀನಿ. ಈ ಮಕ್ಕಳಿಗೆ ಗಂಟುಮಾರಿ ಅಂದ್ರೆ ಭಾರಿ ಪ್ರೀತಿ. ಮೊನ್ನೆ ಸಣ್ಣೋನು ನನ್ನ ಕೈ ನೋಡಿದ. ಹೆದರ್ಲಿಲ್ಲ."

ರಶ್ಮಿಯ ಮೈ ಮತ್ತೆ ಜುಮ್ಮೆಂದಿತು, ಅದೇ ಹಳೆಯ ಜುಮ್ಮು. ಕೇಳಬಾರದೆಂದು ಗೊತ್ತಿದ್ದೂ ಬಾಯಿ ಕೇಳಿಯೇಬಿಟ್ಟಿತು.

"ನಿನ್ನ ಕತೇಲಿ ಗಂಟುಮಾರಿ ಏನು ಮಾಡ್ತಾಳೆ?"

ಆಚೆ ಕಡೆ ಪ್ರೆಶರ್ ಕುಕ್ಕರ್ ಕೂಗಿದ್ದು ಕೇಳಿಸಿತು. ಯಾವುದೋ ಮಗು ಏನೋ ಕೇಳಿತು. ಚಂದ್ರಾವತಿ ಅದಕ್ಕೆ ಮೆಲ್ಲಗೆ ಏನೋ ಉತ್ತರ ಕೊಟ್ಟಳು. ಆಮೇಲೆ ಫೋನಿಗೆ ಬಾಯಿ ಹತ್ತಿರ ತಂದಳು.

"ಅದನ್ನ ನಿಮಗೆ ಹೇಳಲ್ಲ," ಎಂದಳು. "ಇನ್ನು ಈ ನಂಬರಿಗೆ ಮಾಡ್ಬೇಡಿ."

ಲೈನು ಕಟ್ಟಾಯಿತು. ರಶ್ಮಿ ರಿಸೀವರನ್ನು ಕಿವಿಗೆ ಒತ್ತಿಕೊಂಡೇ ಕೂತಿದ್ದಳು. ಬೂತಿನ ಹೊರಗೆ ಸರದಿಗೆ ಕಾಯುತ್ತಿದ್ದ ಮುದುಕರೊಬ್ಬರು ಕೈಯಲ್ಲಿ ನಂಬರಿನ ಚೀಟಿ ಹಿಡಿದು ಗಾಜು ತಟ್ಟಿದರು. ಅವಳು ಎದ್ದು ಬಾಗಿಲು ತೆರೆದು, ಅವರ ನಂಬರು ಒತ್ತಿಕೊಟ್ಟು, ಆಚೆಯವರು "ಹಲೋ" ಅನ್ನುವ ಮುಂಚೆಯೇ ರಸ್ತೆಗೆ ಇಳಿದು, ಏನೂ ಕೇಳಿಸದಷ್ಟು ದೂರಕ್ಕೆ ನಡೆದಳು.